‘ಗಂಟೆಗೆ ಎಷ್ಟು?’ ಎಂದು ಕೇಳಿದರೆ ಸಾಕೇ?

ಕಳೆದ ಏಪ್ರಿಲ್‌ನಲ್ಲಿ ನಮ್ಮ ತೋಟದ ಕೆಳಗಿನ ಬಾವಿಯಿಂದ ಮೇಲಿನ ಟ್ಯಾಂಕಿಗೆ ಪೈಪ್ ಮತ್ತು ಪಂಪಿನ ಕೇಬಲ್ ಹಾಕಿಸಬೇಕಾಗಿತ್ತು. ಸುಮಾರು 70 ಮೀಟರ್ ಉದ್ದದ ಕಣಿ. ಹಾರೆ ಹಿಡಿದು ಅಗೆಯಲು ಜನ ಸಿಗಲಿಲ್ಲ. ಪರಿಚಯದ ಗುತ್ತಿಗೆದಾರರೊಬ್ಬರಿಗೆ ಫೋನ್ ಮಾಡಿ, “ಜೆಸಿಬಿ ಗಂಟೆಗೆ ಎಷ್ಟು?” ಎಂದು ಕೇಳಿದೆ. ಅವರು ದರ ಹೇಳಿದರು. “ಸರಿ, ನಾಳೆ ಕಳಿಸಿ” ಎಂದೆ. ನಮ್ಮ ಮಾತುಕತೆ ಅಲ್ಲಿಗೆ ಮುಗಿಯಿತು.

ಮರುದಿನ ಯಂತ್ರ ಬಂತು. ಗುಡ್ಡೆಯ ನಡುವೆ ಒಂದು ಕಡೆ ನೆಲ ಉಬ್ಬಿಕೊಂಡಿದೆ. ಕಣಿಯ ತಳ ಒಂದೇ ಮಟ್ಟಕ್ಕೆ ಬರಲಿ ಎಂದು ಚಾಲಕ ಅಲ್ಲಿ ಐದು ಅಡಿ ಆಳ ತೆಗೆದ. ಮೇಲೆ ಕೆಂಪು ಮಣ್ಣು, ಕೆಳಗೆ ಬಿಳಿ-ಹಳದಿ ಮಣ್ಣು. ತೆಗೆದ ಮಣ್ಣನ್ನೆಲ್ಲ ಕಣಿಯ ಅಂಚಿನಲ್ಲೇ ರಾಶಿ ಹಾಕಿದ. ಪೈಪ್ ಜೋಡಿಸಲು ಕೆಲಸದ ಅಣ್ಣ ಒಬ್ಬರು ಕೆಳಗಿಳಿದರು. ಅಷ್ಟರಲ್ಲಿ ಅಮ್ಮ ಚಾ ಕುಡಿಯಲು ಕರೆದರು. ಅವರು ಮೇಲೆ ಬಂದು ಜಗಲಿಯಲ್ಲಿ ಕೂತು ಲೋಟ ಬಾಯಿಗಿಟ್ಟಿದ್ದರಷ್ಟೆ, ದಡ್ ಎಂಬ ಸದ್ದು. ಓಡಿ ಹೋಗಿ ನೋಡಿದರೆ, ಅವರು ನಿಂತಿದ್ದ ಜಾಗದಲ್ಲೇ ಸುಮಾರು ಎರಡು ಮೀಟರ್ ಉದ್ದಕ್ಕೆ ಬರೆ ಜರಿದು ಕಣಿ ತುಂಬಿತ್ತು. ಪೈಪೇ ಕಾಣುತ್ತಿರಲಿಲ್ಲ.

“ಚಾ ಬದುಕಿಸಿತು ಮಾಷ್ಟ್ರೇ” ಎಂದು ಅವರು ನಕ್ಕರು. ನನಗೆ ನಗು ಬರಲಿಲ್ಲ.

ನಾನು ವಿಜ್ಞಾನ ಕಲಿಸುವವನು. ಸಾಂದ್ರತೆ, ಒತ್ತಡ, ಘರ್ಷಣೆ ಎಲ್ಲವನ್ನೂ ಪ್ರತಿವರ್ಷ ಕರಿಹಲಗೆಯ ಮೇಲೆ ಬರೆಯುತ್ತೇನೆ. ಆದರೆ ನನ್ನದೇ ಹಿತ್ತಿಲಲ್ಲಿ ಒಬ್ಬ ಮನುಷ್ಯ ಮಣ್ಣಿನ ಗೋಡೆಗಳ ನಡುವೆ ಇಳಿದಾಗ ನಾನು ಕೇಳಿದ್ದ ಪ್ರಶ್ನೆ ದರದ್ದು ಮಾತ್ರ. ತಪ್ಪು ಚಾಲಕನದ್ದು ಎಂದು ಹೇಳಿ ಕೈತೊಳೆದುಕೊಳ್ಳಬಹುದು. ಆದರೆ ಕೆಲಸ ಕೊಟ್ಟವನು ನಾನು. ಕೇಳಬೇಕಾದ್ದನ್ನು ಕೇಳದೇ ಇದ್ದದ್ದು ನನ್ನ ತಪ್ಪು ಎಂದೇ ನನ್ನ ಅಭಿಪ್ರಾಯ. ಅದಕ್ಕಾಗಿಯೇ ಇದನ್ನು ನಿಮಗೆ ಬರೆಯುತ್ತಿದ್ದೇನೆ. ನಾಳೆ ನಿಮ್ಮ ಮನೆಗೂ ಜೆಸಿಬಿ ಬರುತ್ತದೆ. ಆಗ ಪ್ರಶ್ನೆ ಕೇಳುವವರು ಮನೆಯಲ್ಲಿ ಒಬ್ಬರಾದರೂ ಇರಬೇಕು.

ಮೊದಲು ಜರಿದ ಮಣ್ಣಿನ ಲೆಕ್ಕ ಮಾಡೋಣ. ಉದ್ದ 2 ಮೀಟರ್, ಆಳ 1.5 ಮೀಟರ್. ಮೇಲ್ಭಾಗದಲ್ಲಿ ಅರ್ಧ ಮೀಟರ್ ದಪ್ಪ, ಕೆಳಗೆ ಹೋದಂತೆ ಸೊನ್ನೆ. ಅಂದರೆ ತ್ರಿಕೋನಾಕಾರದ ತುಂಡು. ಗಾತ್ರ 0.75 ಘನ ಮೀಟರ್. ಹಸಿ ಮಣ್ಣು ಒಂದು ಘನ ಮೀಟರಿಗೆ ಸುಮಾರು 1.8 ಟನ್ ತೂಗುತ್ತದೆ. ಗುಣಿಸಿ ನೋಡಿ: 1350 ಕಿಲೋ. 50 ಕಿಲೋದ ಅಕ್ಕಿ ಮೂಟೆ 27 ಒಟ್ಟಿಗೆ ಮೈಮೇಲೆ ಬಿದ್ದ ಹಾಗೆ. ತಲೆ ಹೊರಗಿದ್ದರೂ ಎದೆಯವರೆಗೆ ಮಣ್ಣು ತುಂಬಿದರೆ ಸಾಕು, ಎದೆಗೂಡು ಹಿಗ್ಗಲಾರದು. ಉಸಿರು ಬಿಟ್ಟಾಗಲೆಲ್ಲ ಮಣ್ಣು ಇನ್ನಷ್ಟು ಬಿಗಿಯುತ್ತದೆ. ಐದು ಅಡಿ ಎಂದರೆ ಏನು ಮಹಾ ಎಂದು ನಾವು ಅಂದುಕೊಳ್ಳುತ್ತೇವೆ. ಆದರೆ ನಮ್ಮ ದೇಶದ ಅಗೆತದ ಸುರಕ್ಷಾ ಸಂಹಿತೆ, ಮಣ್ಣಿನಲ್ಲಿ 1.5 ಮೀಟರಿಗಿಂತ ಆಳದ ಕಣಿಗೆ ಹಲಗೆ-ಅಡ್ಡಪಟ್ಟಿಗಳ ಆಧಾರ ಕೊಡಬೇಕು ಎನ್ನುತ್ತದೆ. 1.5 ಮೀಟರ್ ಎಂದರೆ ಅದೇ ಐದು ಅಡಿ!

“ಅಗೆಯುವಾಗ ಗೋಡೆ ಸರಿಯಾಗಿಯೇ ನಿಂತಿತ್ತಲ್ಲ?” ಎಂದು ಕೇಳಬಹುದು. ಕಡಲ ತೀರದಲ್ಲಿ ಮರಳಿನ ಮನೆ ಕಟ್ಟಿದವರಿಗೆ ಉತ್ತರ ಗೊತ್ತು. ಒಣ ಮರಳು ನಿಲ್ಲುವುದಿಲ್ಲ, ಜಾರಿ ಇಳಿಜಾರಾಗುತ್ತದೆ. ಸ್ವಲ್ಪ ತೇವ ಇದ್ದರೆ ಕಣಗಳ ನಡುವಿನ ನೀರಿನ ಪದರ ಅವನ್ನು ಹಿಡಿದುಕೊಳ್ಳುತ್ತದೆ, ಗೋಡೆ ನೆಟ್ಟಗೆ ನಿಲ್ಲುತ್ತದೆ. ಅಲೆ ಬಂದು ನೀರು ತುಂಬಿತೋ, ಅದೇ ಗೋಡೆ ಕುಸಿಯುತ್ತದೆ. ಕಣಿಯ ಗೋಡೆಯೂ ಹೀಗೆಯೇ. ಬಿಸಿಲಿಗೆ ಒಣಗಿ ಬಿರುಕು ಬಿಡಬಹುದು, ಮಳೆಗೆ ನೆನೆಯಬಹುದು, ಯಂತ್ರದ ಅದುರಿಕೆಗೆ ಸಡಿಲವಾಗಬಹುದು, ಅಂಚಿನಲ್ಲಿ ಹಾಕಿದ ಮಣ್ಣಿನ ಭಾರಕ್ಕೆ ಜರಿಯಬಹುದು. ಈ ಗಂಟೆ ನಿಂತದ್ದು ಮುಂದಿನ ಗಂಟೆಯೂ ನಿಂತೀತು ಎನ್ನುವ ಹಾಗಿಲ್ಲ.

ನಮ್ಮ ಕಾಸರಗೋಡಿನ ನೆಲದಲ್ಲಿ ಇನ್ನೊಂದು ವಿಶೇಷ ಉಂಟು. ಮೇಲೆ ಮುರಕಲ್ಲು. ಅಗೆಯುವಾಗ ಮೆತ್ತಗೆ, ಗಾಳಿಗೆ ಒಡ್ಡಿದರೆ ಗಟ್ಟಿ. ಫ್ರಾನ್ಸಿಸ್ ಬುಕಾನನ್ ಮಲಬಾರಿನ ಅಂಗಾಡಿಪುರದಲ್ಲಿ ಇದನ್ನು ಇಟ್ಟಿಗೆಯಂತೆ ಕಡಿಯುವುದನ್ನು ಕಂಡು ‘ಲ್ಯಾಟರೈಟ್’ ಎಂದು ಹೆಸರಿಟ್ಟರು. ಅವರ ಪುಸ್ತಕ ಪ್ರಕಟವಾದದ್ದು 1807ರಲ್ಲಿ. ಲ್ಯಾಟಿನ್ ಭಾಷೆಯಲ್ಲಿ ‘ಲೇಟರ್’ ಎಂದರೆ ಇಟ್ಟಿಗೆ. ಈ ಮುರಕಲ್ಲಿನ ಅಡಿಯಲ್ಲಿ ಹಲವು ಕಡೆ ಶೇಡಿ ಮಣ್ಣು ಇರುತ್ತದೆ. ಬಿಳಿ, ಹಳದಿ, ನಸುಗೆಂಪು ಬಣ್ಣದ ನುಣುಪಾದ ಮಣ್ಣು. ಒಣಗಿದ್ದಾಗ ಗಟ್ಟಿ, ನೀರು ಕುಡಿದರೆ ಬಲವೆಲ್ಲ ಮಾಯ. ನಮ್ಮ ಕಣಿಯಲ್ಲಿ ಕಂಡ ಬಿಳಿ-ಹಳದಿ ಮಣ್ಣು ಇದೇ. 2025ರ ಜುಲೈಯಲ್ಲಿ ಚೆರುವತ್ತೂರಿನ ವೀರಮಲೆ ಗುಡ್ಡ ಹೆದ್ದಾರಿಗೆ ಕುಸಿದದ್ದು ನಿಮಗೆ ನೆನಪಿರಬಹುದು. ಕಡಿದ ಗುಡ್ಡೆ ಮತ್ತು ಮಳೆ ಸೇರಿದರೆ ಏನಾಗುತ್ತದೆ ಎಂದು ನಮ್ಮ ಜಿಲ್ಲೆಗೆ ಬೇರೆ ಪಾಠ ಬೇಕಿಲ್ಲ.

ಹಾಗಾದರೆ ಏನೇನು ಕೇಳಬೇಕು?

ಒಂದು, ಎಷ್ಟು ಆಳ, ಎಷ್ಟು ಅಗಲ? ನೆಲದಡಿಯ ಮಾಮೂಲು ವಿದ್ಯುತ್ ಕೇಬಲಿಗೆ 75 ಸೆಂಟಿಮೀಟರ್ ಆಳ ಸಾಕು. ನೀರಿನ ಪೈಪಿಗೂ ಅಷ್ಟು ಧಾರಾಳ. ಎರಡನ್ನೂ ಒಂದೇ ಕಣಿಯಲ್ಲಿ ಹಾಕುವುದಾದರೆ ನಡುವೆ ಅಂತರ ಇರಬೇಕು. ಪಂಪು ನೀರನ್ನು ಒತ್ತಡದಿಂದ ಮೇಲಕ್ಕೆ ತಳ್ಳುವಾಗ ಪೈಪು ಉಬ್ಬು ಹತ್ತಿ ಇಳಿದರೂ ನೀರು ಹೋಗುತ್ತದೆ. ನಮ್ಮಲ್ಲಿ ಐದು ಅಡಿ ಬೇಕೇ ಇರಲಿಲ್ಲ! ಅಗಲವನ್ನೂ ಕೇಳಿ. ಜೆಸಿಬಿಗೆ ಒಂದಡಿ ಅಗಲದ ಕಿರು ಬಕೆಟ್ ಕೂಡ ಇದೆ. 70 ಮೀಟರ್ ಉದ್ದಕ್ಕೂ 60 ಸೆಂಟಿಮೀಟರ್ ಅಗಲ, 1.5 ಮೀಟರ್ ಆಳ ತೆಗೆದರೆ 63 ಘನ ಮೀಟರ್ ಮಣ್ಣು. 30 ಸೆಂಟಿಮೀಟರ್ ಅಗಲ, 75 ಸೆಂಟಿಮೀಟರ್ ಆಳವಾದರೆ 16 ಘನ ಮೀಟರಿಗೂ ಕಡಿಮೆ. ಕಾಲು ಪಾಲು! ಗಂಟೆಯ ದರದಲ್ಲಿ ನೂರು ರೂಪಾಯಿ ಚೌಕಾಸಿ ಮಾಡುವುದಕ್ಕಿಂತ ಈ ಲೆಕ್ಕದಲ್ಲಿ ಉಳಿಯುವುದು ಹೆಚ್ಚು. ಕಿರಿದಾದ ಕಣಿಯೊಳಗೆ ಯಾರೂ ಇಳಿಯಬೇಕಾಗಿಯೂ ಇಲ್ಲ. ಪೈಪನ್ನು ಮೇಲೆಯೇ ಜೋಡಿಸಿ ಕೆಳಗಿಳಿಸಬಹುದು.

ಎರಡು, ಕೆಳಗೆ ಏನುಂಟು? ಹಳೆಯ ಪೈಪ್, ವಿದ್ಯುತ್ ಕೇಬಲ್, ಟೆಲಿಫೋನಿನ ತಂತಿ. ಸರ್ಕಾರಿ ರಸ್ತೆಯ ಬದಿ ಅಗೆಯುವುದಾದರೆ ಪಂಚಾಯತ್ತಿಗೂ ವಿದ್ಯುತ್, ನೀರಿನ ಕಚೇರಿಗಳಿಗೂ ಮೊದಲೇ ತಿಳಿಸಬೇಕು. ಕೇಂದ್ರ ಸರ್ಕಾರ 2023ರ ಮಾರ್ಚ್‌ನಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಎಂಬ ಆ್ಯಪ್ ತಂದದ್ದು ಇದಕ್ಕಾಗಿಯೇ. ಆದರೆ ಯಾವ ಆ್ಯಪಿನಲ್ಲೂ ಸಿಗದ ಒಂದು ವಸ್ತು ನಮ್ಮ ಗುಡ್ಡೆಗಳಲ್ಲಿದೆ: ಸುರಂಗ. ನೀರಿಗಾಗಿ ಹಿಂದಿನವರು ಅಡ್ಡಕ್ಕೆ ಕೊರೆದ ಸುರಂಗ ಎಲ್ಲಿಂದ ಎಲ್ಲಿಗೆ ಹೋಗಿದೆ ಎನ್ನುವುದು ಅಜ್ಜನಿಗೆ ಗೊತ್ತಿರುತ್ತದೆ, ಚಾಲಕನಿಗೆ ಗೊತ್ತಿರುವುದಿಲ್ಲ. ಏಳೆಂಟು ಟನ್ನಿನ ಯಂತ್ರ ಅದರ ಮೇಲೆ ನಿಂತರೆ ನೀರಿನ ಮೂಲವೂ ಹೋದೀತು, ಯಂತ್ರವೂ ಹೂತೀತು.

ಮೂರು, ತೆಗೆದ ಮಣ್ಣು ಎಲ್ಲಿ? ಅಂಚಿನಿಂದ ಕನಿಷ್ಠ 1.5 ಮೀಟರ್ ದೂರ. ಹೊರಗೆ ಸಾಗಿಸುವುದಾದರೆ ಕೇರಳದಲ್ಲಿ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಅನುಮತಿ ಬೇಕು. ಗದ್ದೆಗೆ ತುಂಬಿಸುವ ಹಾಗಿಲ್ಲ, 2008ರ ಗದ್ದೆ ಸಂರಕ್ಷಣಾ ಕಾಯ್ದೆ ಅಡ್ಡ ಬರುತ್ತದೆ.

ನಾಲ್ಕು, ಮುಚ್ಚುವುದು ಯಾರು, ಹೇಗೆ? ಅಗೆದ ಮಣ್ಣು ಅರಳುತ್ತದೆ. ಬಕೆಟಿನಲ್ಲಿ ಒಮ್ಮೆಗೇ ಸುರಿದರೆ ಮಳೆಗಾಲದಲ್ಲಿ ಕುಗ್ಗಿ ಕಣಿ ಮತ್ತೆ ಬಾಯಿ ತೆರೆಯುತ್ತದೆ. ಗುಡ್ಡೆಯ ಇಳಿಜಾರಿನಲ್ಲಿ ಅದು ನೀರಿನ ದಾರಿಯೇ ಆಗಿಬಿಡುತ್ತದೆ. ನೀರು ಒಳಗೊಳಗೇ ಮಣ್ಣನ್ನು ಕೊಚ್ಚಿ ಪೊಳ್ಳು ಮಾಡಬಹುದು. ಅರ್ಧ ಅಡಿ ಮಣ್ಣು ಹಾಕಿ ದಮ್ಮಸ್ಸು ಮಾಡಬೇಕು, ಮತ್ತೆ ಅರ್ಧ ಅಡಿ. ಇಳಿಜಾರಿನಲ್ಲಿ ಅಲ್ಲಲ್ಲಿ ಅಂಟು ಮಣ್ಣಿನ ಅಡ್ಡಕಟ್ಟು ಕೊಡಬೇಕು. ಇದೆಲ್ಲ ಪತ್ತನಾಜೆಯ ಮೊದಲು ಮುಗಿಯಬೇಕು.

ಈ ನಾಲ್ಕನ್ನೂ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿದರೆ ಮುಗಿಯಿತು. ಅದು ಅಪನಂಬಿಕೆ ಅಲ್ಲ. ಏನು ಬೇಕು ಎಂದು ಸರಿಯಾಗಿ ಹೇಳಿದರೆ ಒಳ್ಳೆಯ ಗುತ್ತಿಗೆದಾರರಿಗೂ ಕೆಲಸ ಸುಲಭ.

“ಇಷ್ಟೆಲ್ಲ ಕೇಳಿದರೆ ಜೆಸಿಬಿಯವರು ಬರ್ತಾರಾ? ಸೀಸನಿನಲ್ಲಿ ಸಿಗುವುದೇ ಕಷ್ಟ” ಎಂದು ನನ್ನ ಮಾವ ಹೇಳಿದರು. ಆ ಮಾತಿನಲ್ಲಿ ಸತ್ಯ ಇಲ್ಲದಿಲ್ಲ. ಮಳೆಗೆ ಮೊದಲು ಎಲ್ಲರಿಗೂ ಅವಸರ, ಒಬ್ಬರು ಬಿಟ್ಟರೆ ಯಂತ್ರ ಇನ್ನೊಬ್ಬರಲ್ಲಿಗೆ ಹೋಗುತ್ತದೆ. ಆದರೆ ಈ ಪ್ರಶ್ನೆಗಳಿಗೆ ಹತ್ತು ನಿಮಿಷ ಸಾಕು. ಕೇಳಿದ ಮಾತ್ರಕ್ಕೆ ಸಿಟ್ಟಾಗುವವರು ಇದ್ದರೆ, ಅವರು ನಮ್ಮ ಅಂಗಳಕ್ಕೆ ಬಾರದೇ ಇರುವುದೇ ಒಳ್ಳೆಯದು.

“ಇದು ದೊಡ್ಡವರ ವಿಷಯ, ಮಕ್ಕಳಿಗೆ ಎಂತಕ್ಕೆ?” ಎನ್ನುವವರೂ ಇದ್ದಾರೆ. ನಾನು ಒಪ್ಪುವುದಿಲ್ಲ. ಘನ ಮೀಟರ್ ಲೆಕ್ಕ ಮನೆಯಲ್ಲಿ ಎಲ್ಲರಿಗಿಂತ ಬೇಗ ಬರುವುದು ನಿಮಗೆ. ಕಣಿಯ ಹತ್ತಿರ ನೀವು ಹೋಗಬೇಡಿ, ಒಳಗೆ ಇಳಿಯಲೇಬೇಡಿ. ಯಾರಾದರೂ ಮಣ್ಣಿನಡಿ ಸಿಕ್ಕಿದರೆ ಹಾರಿ ಇಳಿಯದೆ ಮೊದಲು 101ಕ್ಕೆ ಫೋನ್ ಮಾಡಿ. ಆದರೆ ಪ್ರಶ್ನೆ ಕೇಳಲು ವಯಸ್ಸಿನ ಮಿತಿ ಇಲ್ಲ.

ಈ ವಾರ ಒಂದು ಪ್ರಯೋಗ ಮಾಡಿ. ಎರಡು ಗಾಜಿನ ಲೋಟಗಳಲ್ಲಿ ನೀರು ತೆಗೆದುಕೊಳ್ಳಿ. ಒಂದಕ್ಕೆ ಮುರಕಲ್ಲಿನ ಚೂರು, ಇನ್ನೊಂದಕ್ಕೆ ಒಣಗಿದ ಶೇಡಿ ಮಣ್ಣಿನ ಉಂಡೆ ಹಾಕಿ ಅರ್ಧ ಗಂಟೆ ನೋಡಿ. ಯಾವುದು ಉಳಿಯಿತು, ಯಾವುದು ಕರಗಿತು ಎಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಆಮೇಲೆ ಆ ಲೋಟಗಳನ್ನು ಅಪ್ಪನಿಗೆ ತೋರಿಸಿ. ನಮ್ಮ ಮನೆಯ ಉಳಿದ ಕಣಿಯನ್ನು ನಾವು ಮುಗಿಸಿದ್ದು ಎರಡೂವರೆ ಅಡಿ ಆಳದಲ್ಲಿ, ಯಾರೂ ಒಳಗಿಳಿಯದೆ. ಆ ಅಣ್ಣ ಈಗಲೂ ನಮ್ಮಲ್ಲಿಗೆ ಕೆಲಸಕ್ಕೆ ಬರುತ್ತಾರೆ. ಚಾ ಕುಡಿಯುವಾಗ ಪ್ರತಿಸಲ ಆ ದಿನದ ಮಾತು ಬರುತ್ತದೆ.