ಗುಡ್ಡೆ ಎಲ್ಲಿಗ್ ಹೋತ್ತ್?

ಮುಂಬೈಯ ಹಿಂದ್‌ಮಾತಾದಲ್ಲಿ ಮೊಣಕಾಲುದ್ದ ನಿಂತ ನೀರು ಇಳಿಯಿತೆಂದರೆ ಪರೇಲಿನಲ್ಲಿ ಜ್ವರದ ಕಾಲ ಶುರು. ಕೆಇಎಂ ಆಸ್ಪತ್ರೆಯಲ್ಲಿ ಕೇಸ್ ಪೇಪರಿನ ಸಾಲು ಬೆಳೆಯುತ್ತದೆ. ಮಲೇರಿಯಾ, ಡೆಂಗ್ಯೂ, ಲೆಪ್ಟೊ ಎಂಬ ಹೆಸರುಗಳು ನೆರೆಮನೆಯವರ ಹೆಸರಿನಷ್ಟೇ ಸಲೀಸಾಗಿ ಬಾಯಿಗೆ ಬರುತ್ತವೆ. ಅಂಥದೊಂದು ಮಳೆಗಾಲದ ಕೊನೆಯಲ್ಲಿ ನಮ್ಮ ಪರಿಚಯದ ಹುಡುಗನೊಬ್ಬ ಡೆಂಗ್ಯೂ ಬಂದು ಮಲಗಿದ. ತಂದೆ ಕುಂದಾಪುರದ ಕಡೆಯವರು, ಗಿರಣಿಗಳ ಕಾಲದಲ್ಲಿ ಇಲ್ಲಿಯ ಹೋಟೆಲೊಂದರಲ್ಲಿ ದುಡಿದವರು. ಮಗನಿಗೆ ಈಗ ಗಿರಣಿ ಇದ್ದ ಜಾಗದಲ್ಲೇ ಎದ್ದಿರುವ ಗಾಜಿನ ಕಟ್ಟಡದಲ್ಲಿ ನೌಕರಿ. ಸಿಕ್ಕಿಂನ ಗೋಯೆಚಾ ಲಾ ಕಣಿವೆದಾರಿಗೆ ಒಬ್ಬನೇ ಹೋಗಬೇಕೆಂದು ವರ್ಷಗಟ್ಟಲೆ ರಜೆ ಕೂಡಿಸಿಟ್ಟಿದ್ದ, ಕಟ್ಟಡದ ಮೆಟ್ಟಿಲುಗಳನ್ನು ಬೆನ್ನಿಗೆ ಚೀಲ ಹಾಕಿಕೊಂಡು ಹತ್ತಿಳಿದಿದ್ದ. ಹೊರಡಲು ಮೂರು ವಾರವಿದ್ದಾಗ ಪ್ಲೇಟ್‌ಲೆಟ್ ಎಣಿಸಿಕೊಳ್ಳುತ್ತಾ ಮಲಗಬೇಕಾಯಿತು.

ನೋಡಲು ಬಂದವರದ್ದೆಲ್ಲ ಒಂದೇ ಸಮಾಧಾನ. ಅವನ ತಾಯಿ ಅದನ್ನೇ ಊರ ಮಾತಿನಲ್ಲಿ ಹೇಳಿದರು: "ಗುಡ್ಡೆ ಎಲ್ಲಿಗ್ ಓಡಿ ಹೋತ್ತ್ ಮಗಾ?"

ತಾಯಿಯ ಮಾತಿಗೆ ಎದುರಾಡಬಾರದು. ಆದರೆ ಗುಡ್ಡೆ ಹೋಗುತ್ತದೆ. ನಂದಾದೇವಿಯ ಒಳಕಣಿವೆ 1983ರಿಂದ ಮುಚ್ಚಿದೆ. ಕಾಂಚನಜುಂಗಾವನ್ನು ಸಿಕ್ಕಿಂ ಕಡೆಯಿಂದ ಏರುವುದಕ್ಕೆ ಅಲ್ಲಿಯ ಸರ್ಕಾರ 2001ರಲ್ಲಿ ನಿಷೇಧ ಹಾಕಿತು, ಆ ಶಿಖರ ಅಲ್ಲಿಯ ಜನರಿಗೆ ದೇವರು. ಬೆಂಗಳೂರು, ಮುಂಬೈಯ ಎಷ್ಟೋ ಹುಡುಗರ ಮೊದಲ ಆರು ಸಾವಿರ ಮೀಟರಿನ ಶಿಖರವಾಗಿದ್ದ ಲಡಾಖಿನ ಸ್ತೋಕ್ ಕಾಂಗ್ರಿಗೆ 2020ರಲ್ಲಿ ಬಾಗಿಲು ಬಿತ್ತು. ಏರುವವರ ಜಾತ್ರೆಯಿಂದ ಕೆಳಗಿನ ಹಳ್ಳಿಯ ಕುಡಿಯುವ ನೀರು ಹಾಳಾಗುತ್ತಿತ್ತು. ಉತ್ತರಾಖಂಡದ ಹುಲ್ಲುಗಾವಲುಗಳಲ್ಲಿ ರಾತ್ರಿ ಡೇರೆ ಹಾಕುವುದನ್ನು 2018ರಲ್ಲಿ ಹೈಕೋರ್ಟ್ ತಡೆಯಿತು, ರೂಪಕುಂಡದ ದಾರಿ ಅದರೊಂದಿಗೆ ಕಟ್ಟಾಯಿತು. ಕೈಲಾಸ ಮಾನಸ ಸರೋವರ ಯಾತ್ರೆ 2020ರಲ್ಲಿ ನಿಂತದ್ದು ಮತ್ತೆ ಹೊರಟದ್ದು 2025ರಲ್ಲಿ. 'ಮುಂದಿನ ವರ್ಷ ನೋಡೋಣ' ಎಂದುಕೊಂಡಿದ್ದವರಲ್ಲಿ ಅಷ್ಟರೊಳಗೆ ಮಂಡಿ ಸವೆದವರು, ವಯಸ್ಸಿನ ಮಿತಿ ದಾಟಿದವರು ಎಷ್ಟು ಮಂದಿಯೋ.

ಹಾಗಾದರೆ ಹೇಗಾದರೂ ಹೊರಟುಬಿಡುವುದೇ? ಅದು ಇನ್ನೂ ಕೆಟ್ಟದ್ದು. ಡೆಂಗ್ಯೂವಿನಲ್ಲಿ ಜ್ವರ ಬಿಟ್ಟಿತೆಂದು ಮನೆಯವರು ನಿಟ್ಟುಸಿರು ಬಿಡುವ ಹೊತ್ತಿಗೇ ಅಪಾಯದ ಒಂದೆರಡು ದಿನಗಳು ಶುರುವಾಗುತ್ತವೆ. ಅದನ್ನು ದಾಟಿದ ಮೇಲೂ ವಾರಗಟ್ಟಲೆ ತಲೆಭಾರ, ಓಕರಿಕೆ, ನಿದ್ದೆಯಿಲ್ಲದಿರುವುದು, ನಾಲ್ಕು ಹೆಜ್ಜೆಗೆ ಸುಸ್ತು. ಈಗ ಎತ್ತರದ ಕಾಯಿಲೆಯ ಮೊದಲ ಲಕ್ಷಣಗಳನ್ನು ಕೇಳಿ: ತಲೆನೋವು, ಓಕರಿಕೆ, ನಿದ್ದೆಗೇಡು, ಸುಸ್ತು. ನಾಲ್ಕು ಸಾವಿರ ಮೀಟರಿನಲ್ಲಿ ತಲೆ ಸಿಡಿಯತೊಡಗಿದರೆ ಅದು ಪರೇಲಿನ ಸೊಳ್ಳೆಯ ಬಾಕಿಯೋ, ಕೂಡಲೇ ಇಳಿ ಎಂಬ ಎಚ್ಚರಿಕೆಯೋ ಎಂದು ತಿಳಿಯುವುದು ಹೇಗೆ? ಜೊತೆಗೊಬ್ಬ ಹಳೆಯ ಗೆಳೆಯನಿದ್ದರೆ 'ನೀನು ಇವತ್ತು ಸರಿಯಿಲ್ಲ ಮಾರಾಯ' ಎಂದಾನು. ಒಂಟಿ ಪ್ರಯಾಣಿಕನಿಗೆ ಆ ಭಾಗ್ಯವಿಲ್ಲ. ಗೈಡ್ ಇರುತ್ತಾನೆ ನಿಜ, ಆದರೆ ನಿನ್ನೆ ಪರಿಚಯವಾದವನಿಗೆ ಇವನ ಮಾಮೂಲಿ ನಡಿಗೆ ಹೇಗಿರುತ್ತದೆಂಬುದೇ ಗೊತ್ತಿರುವುದಿಲ್ಲ.

ಅಲೆಕ್ಸಾಂಡರ್ ಕೆಲ್ಲಾಸ್ ಎಂಬ ಸ್ಕಾಟ್ಲೆಂಡಿನವನ ಕತೆ ಇಲ್ಲಿ ನೆನಪಾಗುತ್ತದೆ. ಲಂಡನ್ನಿನ ವೈದ್ಯಕೀಯ ಶಾಲೆಯೊಂದರಲ್ಲಿ ರಸಾಯನಶಾಸ್ತ್ರದ ಮೇಷ್ಟ್ರು. ರಜೆ ಸಿಕ್ಕಾಗಲೆಲ್ಲ ಸಿಕ್ಕಿಂಗೆ ಬರುತ್ತಿದ್ದ. ತನ್ನ ಕಡೆಯ ಗೆಳೆಯರ ತಂಡ ಕಟ್ಟಿಕೊಂಡು ಬಂದವನಲ್ಲ, ಶೆರ್ಪಾಗಳೇ ಅವನ ಸಂಗಡಿಗರು. 1911ರಲ್ಲಿ ಅವರೊಂದಿಗೆ 7,128 ಮೀಟರಿನ ಪೌಹುನ್ರಿ ಏರಿದ. ಮನುಷ್ಯ ಅಲ್ಲಿಯವರೆಗೆ ತುದಿ ಮುಟ್ಟಿದ ಶಿಖರಗಳಲ್ಲಿ ಅದೇ ಎತ್ತರದ್ದೆಂಬುದು ಲೆಕ್ಕಕ್ಕೆ ಬಂದದ್ದು ಬಹಳ ತಡವಾಗಿ. ಎತ್ತರದಲ್ಲಿ ರಕ್ತ, ಉಸಿರು ಹೇಗೆ ವರ್ತಿಸುತ್ತವೆಂದು ಲೆಕ್ಕ ಹಾಕಿ, ಎವರೆಸ್ಟನ್ನು ಆಕ್ಸಿಜನ್ ಇಲ್ಲದೆಯೂ ಏರಬಹುದು ಎಂದು 1920ರ ಸುಮಾರಿಗೇ ಬರೆದಿಟ್ಟಿದ್ದ. ಪರ್ವತಾರೋಹಿಗಳಾದ ಮೆಸ್ನರ್ ಮತ್ತು ಹಾಬೆಲರ್ ಅದನ್ನು ಮಾಡಿ ತೋರಿಸಿದ್ದು 1978ರಲ್ಲಿ.

1921ರಲ್ಲಿ ಎವರೆಸ್ಟಿನ ದಾರಿ ಹುಡುಕುವ ಮೊದಲ ತಂಡ ಹೊರಟಾಗ ಕೆಲ್ಲಾಸನನ್ನು ಬಿಡುವಂತಿರಲಿಲ್ಲ. ಆದರೆ ಆ ವಸಂತದಲ್ಲೇ ಕಬ್ರು ಶಿಖರ ಮುಂತಾದ ಕಡೆ ಅಲೆದು ದಣಿದಿದ್ದ, ಡಾರ್ಜಿಲಿಂಗಿಗೆ ಬಂದು ಸರಿಯಾಗಿ ಸುಧಾರಿಸಿಕೊಳ್ಳುವ ಮೊದಲೇ ಮೇ ತಿಂಗಳಲ್ಲಿ ತಂಡ ಹೊರಟಿತು. ದಾರಿಯಲ್ಲಿ ಭೇದಿ ಹಿಡಿಯಿತು. ಟಿಬೆಟಿನ ಬಯಲಿನಲ್ಲಿ ಅವನನ್ನು ಡೋಲಿಯಲ್ಲಿ ಹೊತ್ತರು. ಜೂನ್ 5ರಂದು, ಕಾಂಪಾ ಜೋಂಗ್ ಇನ್ನೇನು ಬಂತು ಎನ್ನುವಾಗ, ಹೃದಯ ನಿಂತಿತು. ತಂಡದಲ್ಲಿ ವೈದ್ಯನಿದ್ದ, ಆದರೂ ಪ್ರಾಣ ಹೋಗುವಾಗ ಜೊತೆಗಾರರು ಯಾರೂ ಪಕ್ಕದಲ್ಲಿರಲಿಲ್ಲ. ದೇಹದ ಲೆಕ್ಕವನ್ನು ಅವನಷ್ಟು ಬಲ್ಲವರು ಆಗ ವಿರಳ. ತನ್ನ ಹೊಟ್ಟೆಯನ್ನು ಮಾತ್ರ ಅವನು ಆ ಲೆಕ್ಕಕ್ಕೆ ಸೇರಿಸಲಿಲ್ಲ. ಅದೇ ತಂಡದ ಹೆರಾಲ್ಡ್ ರೇಬರ್ನ್ ಕೂಡ ಕಾಯಿಲೆ ಬಿದ್ದಿದ್ದ. ಅವನನ್ನು ಸಿಕ್ಕಿಂಗೆ ಇಳಿಸಿದರು, ಚೇತರಿಸಿಕೊಂಡು ಸೆಪ್ಟೆಂಬರಿನಲ್ಲಿ ಮತ್ತೆ ತಂಡ ಸೇರಿದ. ಚರಿತ್ರೆ ಬರೆಯುವವರು ರೇಬರ್ನನ ಆ ಇಳಿತಕ್ಕೆ ಒಂದು ಸಾಲಿಗಿಂತ ಹೆಚ್ಚು ಕೊಡುವುದಿಲ್ಲ. ನನಗೆ ಅದು ಅನ್ಯಾಯ ಅನಿಸುತ್ತದೆ.

ಮುಂದೂಡುವುದು, ಹಟ ಹಿಡಿದು ಹೊರಡುವುದು ಎರಡನ್ನೂ ಬಿಟ್ಟರೆ ಉಳಿಯುವುದು ಬದಲಾಯಿಸುವುದು. ಇದರಲ್ಲಿ ಒಂಟಿಯಾಗಿ ಹೋಗುವವನೇ ಸುಖಿ. ಆರು ಜನರ ತಂಡದಲ್ಲಿ ಒಬ್ಬನಿಗೆ ಜ್ವರ ಬಂದರೆ ಉಳಿದ ಐವರ ರಜೆ, ಟಿಕೆಟ್, ಮುನಿಸು ಎಲ್ಲವೂ ಅವನ ತಲೆಯ ಮೇಲೆ. ಒಬ್ಬನೇ ಇದ್ದರೆ ಯಾರನ್ನೂ ಕೇಳಬೇಕಿಲ್ಲ. ನಮ್ಮ ಹುಡುಗ ಚಾರಣದ ಮುಂಗಡದಲ್ಲಿ ಅರ್ಧ ಕಳೆದುಕೊಂಡ, ರೈಲಿನ ಟಿಕೆಟನ್ನು ರಜೆಯ ಕೊನೆಯ ಭಾಗಕ್ಕೆ ಬದಲಾಯಿಸಿಕೊಂಡ. ವೈದ್ಯರ ಒಪ್ಪಿಗೆ ಪಡೆದು, ಹಾದಿ ಶುರುವಾಗುವ ಯುಕ್ಸೋಮ್ ಹಳ್ಳಿಯವರೆಗೆ ಮಾತ್ರ ಹೋದ. ಅದು ಸುಮಾರು 1,780 ಮೀಟರ್, ಊಟಿಗಿಂತ ತಗ್ಗು. 1642ರಲ್ಲಿ ಸಿಕ್ಕಿಂನ ಮೊದಲ ದೊರೆಗೆ ಪಟ್ಟ ಕಟ್ಟಿದ ಕಲ್ಲಿನ ಪೀಠ ಅಲ್ಲಿದೆ. ಕಾಡಿನ ಏರುದಾರಿಯಲ್ಲಿ 1701ರ ದುಬ್ದಿ ಬೌದ್ಧಮಠವಿದೆ. ಆರೋಗ್ಯವಂತರು ಗಂಟೆಯೊಳಗೆ ಏರುವ ಆ ದಾರಿಗೆ ಅವನಿಗೆ ಒಂದು ಬೆಳಗು ಹಿಡಿಯಿತಂತೆ. ಪೆಲ್ಲಿಂಗ್ ಊರಿನಲ್ಲಿ ಕುಳಿತು ಕಬ್ರುವನ್ನು ನೋಡಿದ. ಫೋಟೋ ಕಂಡ ಗೆಳೆಯರು 'ಇಷ್ಟಕ್ಕೆ ಅಷ್ಟು ದೂರ ಹೋದೆಯಾ' ಎಂದರು. ಇಷ್ಟಕ್ಕೇ ಹೋಗಬೇಕಾದದ್ದು ಎಂದು ನಾನು ಅವನ ಪರ ನಿಲ್ಲುತ್ತೇನೆ.

ಹೀಗೆ ದಾರಿ ಬದಲಾಯಿಸುವುದಕ್ಕೆ ನಮ್ಮ ಪರೇಲಿನಲ್ಲೇ ಒಂದು ಹಳೆಯ ಸಾಕ್ಷಿ ಇದೆ. ಕಾಲರಾ ಲಸಿಕೆ ಹಿಡಿದು 1893ರಲ್ಲಿ ಭಾರತಕ್ಕೆ ಬಂದ ವಾಲ್ಡೆಮಾರ್ ಹಾಫ್ಕಿನ್ ಊರೂರು ಅಲೆದು, 1895ರಲ್ಲಿ ಮಲೇರಿಯಾದಿಂದ ಜರ್ಜರಿತನಾಗಿ ಇಂಗ್ಲೆಂಡಿಗೆ ಮರಳಿದ. ಚೇತರಿಸಿಕೊಂಡು 1896ರಲ್ಲಿ ವಾಪಸು ಬಂದ. ಆ ವರ್ಷವೇ ಮುಂಬೈಗೆ ಪ್ಲೇಗ್ ಹೊಕ್ಕಿತು. ಹಾಫ್ಕಿನ್ ಕಾಲರಾವನ್ನು ಬದಿಗಿಟ್ಟು ಪ್ಲೇಗಿಗೆ ತಿರುಗಿದ, 1897ರ ಜನವರಿ 10ರಂದು ಹೊಸ ಲಸಿಕೆಯನ್ನು ಮೊದಲು ತನ್ನ ಮೈಗೇ ಚುಚ್ಚಿಕೊಂಡ. ಅವನ ಪ್ರಯೋಗಾಲಯ 1899ರಲ್ಲಿ ನೆಲೆಯಾದ ಪರೇಲಿನ ಕಟ್ಟಡ ಹಿಂದೆ ಗವರ್ನರರ ಬಂಗಲೆ. 1882ರಲ್ಲಿ ಗವರ್ನರ್ ಫರ್ಗುಸನ್ನರ ಹೆಂಡತಿ ಅಲ್ಲಿ ಕಾಲರಾದಿಂದ ತೀರಿಕೊಂಡ ಮೇಲೆ ಗವರ್ನರರ ಬಿಡಾರ ಮಲಬಾರ್ ಪಾಯಿಂಟಿಗೆ ಹೋಯಿತು, ಬಂಗಲೆ ಬರಿದಾಯಿತು. ಅದೇ ಇಂದಿನ ಹಾಫ್ಕಿನ್ ಸಂಸ್ಥೆ.

ಅಕ್ಟೋಬರಿಗೆ ಹಿಮಾಲಯದ ಟಿಕೆಟ್ ಮಾಡಿಸಿರುವ ಪರೇಲ್, ಲಾಲ್‌ಬಾಗ್‌ನ ಹುಡುಗ ಹುಡುಗಿಯರಲ್ಲಿ ಒಂದು ಕೇಳಿಕೆ. ಬೂಟು ಕೊಳ್ಳುವ ಮೊದಲು ಚಾಳಿನ ನೀರಿನ ಡ್ರಮ್ಮುಗಳನ್ನು ಮುಚ್ಚಿಸಿ. ನೆರೆನೀರಿನಲ್ಲಿ ನಡೆದು ಬಂದರೆ ಮೂರು ದಿನದೊಳಗೆ ಪಾಲಿಕೆಯ ದವಾಖಾನೆಗೆ ಹೋಗಿ, ಲೆಪ್ಟೊ ತಡೆಯುವ ಮಾತ್ರೆ ಬೇಕೇ ಎಂದು ಕೇಳಿ. ಮತ್ತೆ, ಶಿಖರದ ದಾರಿ ಬರೆದ ಹಾಳೆಯ ಹಿಂಬದಿಯಲ್ಲಿ ಅದೇ ಊರಿನ ತಗ್ಗಿನ ಜಾಗವೊಂದರ ಹೆಸರನ್ನು ಈಗಲೇ ಬರೆದಿಟ್ಟು, ಯಾವ ಸ್ಥಿತಿಯಲ್ಲಿ ಅಲ್ಲಿಗೆ ಇಳಿಯುತ್ತೀರೆಂದು ಮನೆಯಲ್ಲಿ ಒಬ್ಬರಿಗೆ ಹೇಳಿ ಹೊರಡಿ.