ಪುಟ್ಟಸ್ವಾಮಿ ಕೇಸಿನಿಂದ ಹುಟ್ಟಿದ ಹೊಸ ವಕೀಲಿ

ಆಧಾರ್ ಪ್ರಶ್ನಿಸಿ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ್ದು 2012ರಲ್ಲಿ, ತಮ್ಮ 86ನೇ ವಯಸ್ಸಿನಲ್ಲಿ. 1952ರಲ್ಲಿ ವಕೀಲಿ ಆರಂಭಿಸಿ, ಕರ್ನಾಟಕ ಹೈಕೋರ್ಟ್ ನ್ಯಾಯಮೂರ್ತಿಯಾಗಿ 1986ರಲ್ಲಿ ನಿವೃತ್ತರಾಗಿದ್ದವರು. ಸಂಸತ್ತು ಕಾನೂನನ್ನೇ ಮಾಡದೆ ಜನರ ಬೆರಳಚ್ಚು, ಕಣ್ಣಿನ ಗುರುತು ಪಡೆಯುವುದು ಸರಿಯೇ ಎಂಬುದು ಅವರ ಪ್ರಶ್ನೆ. ಖಾಸಗಿತನ ಮೂಲಭೂತ ಹಕ್ಕೇ ಅಲ್ಲ ಎಂದು ಕೇಂದ್ರ ಸರ್ಕಾರ ವಾದಿಸಿತು. ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಆ ವಾದವನ್ನು ತಳ್ಳಿಹಾಕಿತು. ಮರುವರ್ಷದ ತೀರ್ಪಿನಲ್ಲಿ ಆಧಾರ್ ಉಳಿಯಿತು ನಿಜ, ಆದರೆ ಹಕ್ಕೂ ಉಳಿಯಿತು. ಪುಟ್ಟಸ್ವಾಮಿ 2024ರ ಅಕ್ಟೋಬರ್‌ನಲ್ಲಿ ತೀರಿಕೊಂಡರು.

ಬೆಂಗಳೂರಿನಲ್ಲೇ ಹುಟ್ಟಿದ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಅವರ ಸಮಿತಿ 2018ರಲ್ಲಿ ಕರಡು ಕೊಟ್ಟಿತು. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದದ್ದು 2023ರಲ್ಲಿ, ನಿಯಮಗಳು 2025ರ ನವೆಂಬರ್‌ನಲ್ಲಿ. ತಪ್ಪಿದರೆ ದಂಡ 250 ಕೋಟಿ ರೂಪಾಯಿವರೆಗೆ. ಸರ್ಕಾರ ಗುರುತಿಸಿದ ದೊಡ್ಡ ಕಂಪನಿಗಳು ಭಾರತದಲ್ಲೇ ಇರುವ ದತ್ತಾಂಶ ಸಂರಕ್ಷಣಾ ಅಧಿಕಾರಿಯನ್ನು ನೇಮಿಸಿಕೊಳ್ಳಬೇಕು. ಕಾನೂನು ಓದಿದವರಿಗೆ ಇದು ದೊಡ್ಡ ಅವಕಾಶ. ಸಚಿವಾಲಯಕ್ಕೂ ಇಂಥವರು ಬೇಕು, ಐಟಿ ಕಂಪನಿಗೂ ಬೇಕು.

ಎಚ್ಚರ ಬೇಕಾದದ್ದೂ ಇಲ್ಲಿಯೇ. ದತ್ತಾಂಶ ಮಂಡಳಿಯ ಸದಸ್ಯರು ಹುದ್ದೆ ಬಿಟ್ಟ ಮೇಲೆ ಒಂದು ವರ್ಷ ಕೇಂದ್ರದ ಅನುಮತಿಯಿಲ್ಲದೆ ಬೇರೆ ಉದ್ಯೋಗ ಹಿಡಿಯುವಂತಿಲ್ಲ. ಆದರೆ ಮಸೂದೆ ಬರೆಯಲು ನೆರವಾದ ವಕೀಲರಿಗೆ ಈ ಕಾಯ್ದೆಯಲ್ಲಿ ಅಂಥ ತಡೆಯಿಲ್ಲ. ಇತ್ತ ಮಂಡಳಿಯನ್ನು ನೇಮಿಸುವುದೂ ಕೇಂದ್ರ, ತನ್ನ ಸಂಸ್ಥೆಗಳಿಗೆ ವಿನಾಯಿತಿ ಕೊಟ್ಟುಕೊಳ್ಳುವುದೂ ಕೇಂದ್ರ. ಪುಟ್ಟಸ್ವಾಮಿ ಪ್ರಶ್ನಿಸಿದ್ದು ಸರ್ಕಾರವನ್ನು. ಕಾಯ್ದೆಯ ಬಿಗಿ ಹೆಚ್ಚಾಗಿ ತಟ್ಟುವುದು ಕಂಪನಿಗಳಿಗೆ.

ಸಿಂದಗಿ ಕಡೆಯ ಮೋರಟಗಿಯಂಥ ಊರಿನ ಮನೆಗಳಿಗೂ ಇದು ದೂರದ ಮಾತಲ್ಲ. ಅಲ್ಪಸಂಖ್ಯಾತರ ವಿದ್ಯಾರ್ಥಿವೇತನಕ್ಕೆಂದು ಮಕ್ಕಳ ಆಧಾರ್, ಬ್ಯಾಂಕ್ ಖಾತೆಯ ವಿವರಗಳನ್ನು ಆನ್‌ಲೈನ್ ಸೆಂಟರ್‌ನವರ ವಾಟ್ಸಾಪ್‌ಗೆ ಕಳಿಸುತ್ತೇವೆ. ಅವು ಅಲ್ಲಿಂದ ಅಳಿಸಿದವೇ ಎಂದು ಕೇಳುವವರು ಅಪರೂಪ. ಹೊಸ ಕಾಯ್ದೆಯಡಿ ಒಪ್ಪಿಗೆಯ ಸೂಚನೆಯನ್ನು ಕನ್ನಡದಲ್ಲೇ ಪಡೆಯಬಹುದು. 18 ವರ್ಷದೊಳಗಿನವರಿಗೆ ತಂದೆ-ತಾಯಿಯ ಒಪ್ಪಿಗೆ ಬೇಕು.

ಸಮಾಜದ ಸಂಘಗಳು ವಧು-ವರರ ಬಯೋಡೇಟಾಗಳನ್ನು ಕಂಪ್ಯೂಟರಿಗೆ ಏರಿಸಿದರೆ ಅವೂ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಮದುವೆಯಾಗಿ ವರ್ಷಗಳಾದರೂ ಹುಡುಗಿಯ ಫೋಟೋ, ಮೊಬೈಲ್ ನಂಬರ್ ಪಿಡಿಎಫ್‌ನಲ್ಲಿ ಓಡಾಡುತ್ತಲೇ ಇರುವುದು ಎಲ್ಲರಿಗೂ ಗೊತ್ತು. ಒಪ್ಪಿಗೆ ಹಿಂಪಡೆದರೆ ಸಂಘ ತನ್ನಲ್ಲಿರುವ ಪ್ರತಿಯನ್ನು ಅಳಿಸಬೇಕಾಗುತ್ತದೆ. ಈ ಭಾಗದ ನಿಯಮಗಳು ಜಾರಿಗೆ ಬರುವುದು 2027ರ ಮೇ ತಿಂಗಳಲ್ಲಿ. ಪಟ್ಟಿ ಯಾರ ಬಳಿ ಇದೆ, ಅಳಿಸುವ ಹೊಣೆ ಯಾರದು ಎಂದು ಸಂಘಗಳು ಅಷ್ಟರೊಳಗೆ ಬರೆದಿಡಬೇಕು. ಇದಕ್ಕೆ ಸಮಾಜದ ಯುವ ವಕೀಲರ ನೆರವು ಕೇಳಬಹುದು.