ದನಿ ಏರಿಸುವ ಮೊದಲು...

ಮಂದ್ರೂಪದಂಥ ಊರಿನಲ್ಲಿ ಕನ್ನಡ ಮಾಧ್ಯಮದ ಹುಡುಗರಿಗೆ ಮೊಬೈಲು ಎರಡನೆಯ ಮಾಸ್ತರನಿದ್ದಂತೆ. 2020ರಲ್ಲಿ ಕೊರೊನಾ ಬಂದು ಶಾಲೆಗಳು ಮುಚ್ಚಿದಾಗ ಹತ್ತಿದ ರೂಢಿ ಇದು. ಸಂತೆಯಲ್ಲಿ, ಬಸ್ಸಿನಲ್ಲಿ, ಕಚೇರಿಯಲ್ಲಿ ಮರಾಠಿ. ಪುಸ್ತಕದ ಕನ್ನಡ ಕಿವಿಗೆ ಬೀಳುವುದು ಶಾಲೆಯಲ್ಲಿ, ಇಲ್ಲವೇ ಹೆಡ್‌ಫೋನಿನಲ್ಲಿ. ಆ ಹೆಡ್‌ಫೋನಿನ ದನಿ ಸಣ್ಣಗಾದ ಕೂಡಲೇ ನಾವು ಹೊಸದು ಕೊಳ್ಳುತ್ತೇವೆ, ಇಲ್ಲವೇ ದನಿ ಹೆಚ್ಚಿಸುವ ಆ್ಯಪ್ ಹಾಕುತ್ತೇವೆ. ಎರಡೂ ಅವಸರದ ಕೆಲಸವೆಂದು ನಮ್ಮ ಅಭಿಪ್ರಾಯ.

ಮೊದಲು ಅದೇ ಹೆಡ್‌ಫೋನನ್ನು ಬೇರೆ ಫೋನಿಗೆ ಹಚ್ಚಿ ನೋಡಿ. ಅಲ್ಲೂ ದನಿ ಸಣ್ಣಗಿದ್ದರೆ ದೋಷ ಹೆಡ್‌ಫೋನಿನದು. ಬಹಳ ಸಲ ಅದರ ಜಾಳಿಗೆಯಲ್ಲಿ ಕಿವಿಯ ಗುಗ್ಗೆ, ಧೂಳು ಕೂತಿರುತ್ತದೆ. ಒಣಗಿದ ಮೆತ್ತನೆಯ ಬ್ರಷ್ಷಿನಿಂದ ತೆಗೆಯಿರಿ. ನೀರು, ಸೂಜಿ ಬೇಡ. ಬೇರೆ ಫೋನಿನಲ್ಲಿ ಚೆನ್ನಾಗಿ ಕೇಳಿದರೆ ನಿಮ್ಮ ಫೋನು ನೋಡಿ. ವೈರು ಸಿಕ್ಕಿಸುವ ತೂತಿನಲ್ಲಿ ಜೇಬಿನ ಕಸ ತುಂಬಿದ್ದೀತು. ಸೆಟ್ಟಿಂಗ್ಸಿನ ಆಕ್ಸೆಸಿಬಿಲಿಟಿಯಲ್ಲಿ ಎಡ-ಬಲದ ಗೆರೆ ಒಂದು ಕಡೆ ಸರಿದಿದ್ದೀತು. ಬ್ಲೂಟೂತ್ ಆದರೆ ಫೋನಿನ ದನಿ ಬೇರೆ, ಹೆಡ್‌ಫೋನಿನ ದನಿ ಬೇರೆ ಇರಬಹುದು, ಎರಡನ್ನೂ ನೋಡಬೇಕು.

ಇನ್ನು ಆ ಆ್ಯಪ್‌ಗಳು. ಅವು ದನಿಯನ್ನು ಹಿಗ್ಗಿಸಿದಾಗ ಮಾತು ಒಡೆದು ಕರಕರ ಎನ್ನುತ್ತದೆ. ಗದ್ದಲ ಹೆಚ್ಚಿತು, ಪಾಠ ತಿಳಿಯಲಿಲ್ಲ!

ಕೆಲವು ಫೋನುಗಳಲ್ಲಿ ದನಿಗೆ ಮಿತಿ ಹಾಕುವ ಸೌಲಭ್ಯವೂ ಇದೆ. ದನಿ ಕಡಿಮೆಯಾಗಲು ಅದೂ ಕಾರಣವಿರಬಹುದು. ಆದರೆ ಮಕ್ಕಳು ಹಿಡಿಯುವ ಫೋನಿನಲ್ಲಿ ಅದನ್ನು ತೆಗೆಯಬೇಡಿರೆಂದು ನಾವು ಕೇಳಿಕೊಳ್ಳುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ ಅಳತೆ ಹೀಗಿದೆ: ದೊಡ್ಡವರಿಗೆ ವಾರಕ್ಕೆ 40 ತಾಸು 80 ಡೆಸಿಬೆಲ್, ಮಕ್ಕಳಿಗೆ ಅಷ್ಟೇ ತಾಸು 75 ಡೆಸಿಬೆಲ್. 3 ಡೆಸಿಬೆಲ್ ಏರಿದರೆ ತಾಸು ಅರ್ಧಕ್ಕಿಳಿಯುತ್ತದೆ. ಅಂದರೆ ಮಗು 84ರಲ್ಲಿ ಕೇಳಿದರೆ ವಾರಕ್ಕೆ 5 ತಾಸು ಮಾತ್ರ. ಸೊಲ್ಲಾಪುರದ ಯಂತ್ರಮಗ್ಗಗಳ ಸಪ್ಪಳದ ನಡುವೆ ಬೆಳೆಯುವ ಹುಡುಗರು ಸಪ್ಪಳ ಮೀರಿಸಲು ದನಿ ಏರಿಸುವುದು ಸಹಜ. ಅವರಿಗೆ ಪಾಠ ಕೇಳಲು ಶಾಂತ ಮೂಲೆಯೊಂದನ್ನು ಹುಡುಕಿಕೊಡುವುದೇ ಸರಿಯಾದ ಉಪಾಯ.

ಗದ್ದಲದಿಂದ ಕೆಡುವ ಕಿವಿ ಮೊದಲು ಕಳೆದುಕೊಳ್ಳುವುದು ತೀಕ್ಷ್ಣ ಸ್ವರಗಳನ್ನು. ಆಗ ಸ, ಶ ಬೇರೆ ಬೇರೆಯಾಗಿ ಕೇಳುವುದಿಲ್ಲ. ಉಕ್ತಲೇಖನದಲ್ಲಿ ಹುಡುಗ ತಪ್ಪಿದರೆ "ಲಕ್ಷ್ಯ ಇಲ್ಲ" ಎಂದು ನಾವು ಗದರಿಸುತ್ತೇವೆ. ಲಕ್ಷ್ಯವಲ್ಲ, ಕಿವಿಯೇ ಇಲ್ಲದಿದ್ದರೆ?

ಹೆಡ್‌ಫೋನು ಸರಿಯಿದ್ದೂ, ಫೋನು ಸರಿಯಿದ್ದೂ ಮಗು "ಕೇಳಸವಲ್ದರಿ ಸರ್" ಎಂದರೆ ಕಿವಿ ತೋರಿಸಬೇಕು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣೆಯಲ್ಲಿ ಕಿವುಡುತನವೂ ಸೇರಿದೆ. ಆ ತಂಡ ಶಾಲೆಗೆ ಬಂದ ದಿನ ಅಂಥ ಮಗುವಿನ ಹೆಸರು ಹೇಳುವುದು ಮಾಸ್ತರರ ಕೆಲಸ, ಆ ದಿನ ಮಗುವನ್ನು ಶಾಲೆ ತಪ್ಪಿಸದಿರುವುದು ತಂದೆತಾಯಿಯರ ಕೆಲಸ. ಹೆಡ್‌ಫೋನು ಅಂಗಡಿಯಲ್ಲಿ ಮತ್ತೆ ಸಿಗುತ್ತದೆ, ಕಿವಿ ಸಿಗುವುದಿಲ್ಲ.